ಹೆಪ್ಪು ಹಾಕಿಸುವ ಡಬ್ಬಿ

ರಮಾಮಣಿಯ ಗಂಡ ಸುಂದರರಾಜ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅರಸೀಕೆರೆಯ ಅವರ ಬೀದಿಯಲ್ಲಿ ಎಲ್ಲರೂ ಅದನ್ನೇ ಹೇಳುತ್ತಾರೆ. ಕುಡಿಯುವುದಿಲ್ಲ, ಸೇದುವುದಿಲ್ಲ, ಕೂಗಾಡುವುದಿಲ್ಲ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದ ಮೇಲಂತೂ ಮನೆಯಲ್ಲೇ ಇರುತ್ತಾನೆ. ಅವನಲ್ಲಿ ಇದ್ದದ್ದು ಒಂದೇ ಒಂದು ವಾಕ್ಯ.

"ಹೇಳಿದ್ರೆ ಮಾಡ್ತಿದ್ನಲ್ಲೇ!"

ಮೇಲಿನ ಟ್ಯಾಂಕು ತುಂಬಿ ಹರಿದು, ಸಜ್ಜದಿಂದ ಧಾರೆಯಾಗಿ ಇಳಿದು, ಜಗಲಿಯಲ್ಲಿ ಪೇಪರು ಓದುತ್ತಿದ್ದ ಅವನ ಪಾದಗಳನ್ನು ತೊಳೆದಾಗ ಸುಂದರರಾಜ ಮಾಡಿದ್ದು ಇಷ್ಟೇ: ಪಾದಗಳನ್ನು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡ. ಸಂಜೆ ಕಾಲೇಜಿನಿಂದ ಬಂದ ರಮಾಮಣಿ ಅಂಗಳದ ಕೆರೆಯನ್ನು ನೋಡಿ "ಮೋಟಾರ್ ಆಫ್ ಮಾಡಬಾರದಿತ್ತೇನ್ರೀ?" ಎಂದು ಕೇಳಿದರೆ ಅವನಿಗೆ ನಿಜವಾಗಿಯೂ ನೋವಾಯಿತು. "ಹೇಳಿದ್ರೆ ಮಾಡ್ತಿದ್ನಲ್ಲೇ!"

ಒಗೆದ ಬಟ್ಟೆ ಮಳೆಗೆ ನೆನೆದಾಗಲೂ ಅದೇ, ಉಕ್ಕಿದ ಹಾಲು ಒಲೆಯನ್ನು ಆರಿಸಿದಾಗಲೂ ಅದೇ. ಕುಕ್ಕರು ರೈಲು ಎಂಜಿನ್ನಿನಂತೆ ಕೂಗಿ ಕೂಗಿ ಕೊನೆಗೆ ತಾನೇ ಸುಸ್ತಾಗಿ ಸುಮ್ಮನಾದಾಗಲೂ ಅದೇ. (ಜಂಕ್ಷನ್ ಊರಿನಲ್ಲಿ ಹುಟ್ಟಿದವನಿಗೆ ಸೀಟಿ ಕೇಳಿಸುವುದಿಲ್ಲ ಎಂಬುದು ಅವನ ಹೆಚ್ಚುವರಿ ಸಮಜಾಯಿಷಿ.)

ಹೇಳುವುದೂ ಒಂದು ಕೆಲಸವೇ ಎಂದು ರಮಾಮಣಿ ಅವನಿಗೆ ತಿಳಿಸಿ ನೋಡಿದ್ದಳು. ಗಮನಿಸಬೇಕು, ನೆನಪಿಟ್ಟುಕೊಳ್ಳಬೇಕು, ಹೇಳಬೇಕು, ಹೇಳಿದ್ದನ್ನು ಮತ್ತೆ ಹೇಳಬೇಕು, ಮತ್ತೆ ಹೇಳುವಾಗ ದನಿಯಲ್ಲಿ ಸಿಟ್ಟು ಕಾಣದಂತೆ ನೋಡಿಕೊಳ್ಳಬೇಕು. ಇಷ್ಟೆಲ್ಲ ಮಾಡುವ ಹೊತ್ತಿಗೆ ಆ ಕೆಲಸವನ್ನೇ ಮಾಡಿ ಮುಗಿಸಿ, ಕೈ ಒರೆಸಿಕೊಂಡು ಬರಬಹುದು. ಸುಂದರರಾಜ ಇದನ್ನೆಲ್ಲ ಶ್ರದ್ಧೆಯಿಂದ ಕೇಳಿ, "ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಅಂದಿದ್ದ.

ಹೀಗಿರುವಾಗ ಧರ್ಮಾವತಿ ಒಂದು ಆಸೆ ಹುಟ್ಟಿಸಿದಳು.

ಧರ್ಮಾವತಿ ಅದೇ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿದ್ದಳು, ರಮಾಮಣಿ ಫಿಸಿಕ್ಸ್ ಲ್ಯಾಬಿನಲ್ಲಿ. ನಡುವೆ ಒಂದು ಗೋಡೆ, ಗೋಡೆಯಲ್ಲೊಂದು ಕಿಟಕಿ, ಕಿಟಕಿಯಲ್ಲಿ ಸಂಸಾರದ ಸುದ್ದಿಯೆಲ್ಲ ವಿನಿಮಯ. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ ಅವಳ ಮನೆ.

"ಎರಡನೇ ಶನಿವಾರ ನಮ್ಮನೆಗೆ ಬಾ ಕಣೇ," ಅಂದಳು ಕಿಟಕಿಯಿಂದ. "ಬಂದು ಮಲ್ಕೋ."

"ಮಲ್ಕೊಂಡು?"

"ಮಲ್ಕೊಂಡು ಇನ್ನೇನು, ಏಳ್ಬೇಡ. ನಮ್ಮನೇಲಿ ಹೊತ್ತು ಮುಳುಗೋಕ್ ಮುಂಚೆ ಊಟ. ಆಮೇಲೆ ಅಡುಗೆಮನೆ ಬಾಗ್ಲು ಹಾಕಿದ್ರೆ ಮುಗೀತು. ಬೆಳಗಾಗೋ ತನಕ ಒಂದು ಲೋಟ ಅಲ್ಲಾಡಲ್ಲ."

ರಮಾಮಣಿ ಕೈಲಿದ್ದ ಲೆನ್ಸನ್ನು ಮೆಲ್ಲಗೆ ಕೆಳಗಿಟ್ಟಳು. ಸೂರ್ಯ ಮುಳುಗುವ ಮುಂಚೆ ಮುಚ್ಚಿಕೊಳ್ಳುವ ಅಡುಗೆಮನೆ! ಜಿನಧರ್ಮದ ಬಗ್ಗೆ ಅವಳಿಗೆ ಮೊದಲಿನಿಂದಲೂ ಗೌರವವಿತ್ತು. ಆ ಕ್ಷಣದಲ್ಲಿ ಅದು ಭಕ್ತಿಯಾಯಿತು. ಮದುವೆಯಾದ ಮೇಲೆ ಅವಳು ಹೊರಗೆ ಉಳಿದದ್ದೆಲ್ಲ ಬಾಣಂತನಕ್ಕೆ, ಮದುವೆಗೆ, ಸಾವಿಗೆ. ಸುಮ್ಮನೆ ಮಲಗಲಿಕ್ಕೆಂದು ಎಲ್ಲಿಗೂ ಹೋಗಿರಲಿಲ್ಲ.

ಆದರೆ ಕ್ಯಾಲೆಂಡರು ನೋಡಿದರೆ ಆ ಶನಿವಾರವೇ ಏಕಾದಶಿ.

ಅತ್ತೆ ಜಾನಕಮ್ಮ ಏಕಾದಶಿಯಂದು ನಿರಾಹಾರ. ದ್ವಾದಶಿಯ ಬೆಳಗ್ಗೆ ಪಾರಣೆಗೆ ಅಗಸೆ ಸೊಪ್ಪು ಇಲ್ಲದಿದ್ದರೂ, ನೆಲ್ಲಿಕಾಯಿ ಇಲ್ಲದಿದ್ದರೂ ಅವರು ಕ್ಷಮಿಸಬಲ್ಲರು. ಮೊಸರು ಕೆಟ್ಟರೆ ಮಾತ್ರ ಕ್ಷಮೆಯಿಲ್ಲ. ಅದೂ ಮಡಿಯಲ್ಲಿ, ಮನೆಯಲ್ಲೇ ಹೆಪ್ಪು ಹಾಕಿದ್ದಾಗಬೇಕು. ಕಣ್ಣಿನ ಪೊರೆಯ ಆಪರೇಷನ್ ಆಗಿ ಒಲೆಯ ಹತ್ತಿರ ಹೋಗಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರಿಂದ ಆ ಕೆಲಸ ಸಂಪೂರ್ಣವಾಗಿ ರಮಾಮಣಿಯ ಕಿರುಬೆರಳಿನದಾಗಿತ್ತು. ಕಾಸಿದ ಹಾಲಿಗೆ ಬೆರಳು ಅದ್ದಬೇಕು. ಚುರುಕ್ಕೆಂದರೆ ತಡೆಯಬೇಕು, ಏನೂ ಅನ್ನಿಸದಿದ್ದರೆ ಹೊತ್ತು ಮೀರಿತು. ಇವೆರಡರ ನಡುವಿನ ಹಿತವಾದ ಬಿಸಿಯಲ್ಲಿ ಹೆಪ್ಪು ಬೀಳಬೇಕು. ಚಳಿಗಾಲದಲ್ಲಿ ಆ ಗಳಿಗೆ ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ.

"ನಾನು ಹಾಕ್ತೀನಿ ಬಿಡು, ಹೊತ್ತಾದಾಗ ಹೇಳು," ಅಂದ ಸುಂದರರಾಜ ಉದಾರವಾಗಿ.

"ನಾನು ಬಸ್ತಿಹಳ್ಳಿಯಲ್ಲಿ ಇರ್ತೀನಲ್ರೀ!"

"ಫೋನ್ ಮಾಡಿ ಹೇಳು."

ಅಲ್ಲಿ ಮಲಗಿಕೊಂಡು ಇಲ್ಲಿಯ ಹಾಲಿಗೆ ಬೆರಳು ಅದ್ದುವುದು ಹೇಗೆಂದು ಅವಳು ಕೇಳಲಿಲ್ಲ. ಏಕೆಂದರೆ ಅಷ್ಟರಲ್ಲಿ ಅವಳ ತಲೆಯಲ್ಲಿ ದೀಪ ಹೊತ್ತಿಕೊಂಡಿತ್ತು.

ಲ್ಯಾಬಿನಲ್ಲಿ ಹುಡುಗರು ಮಾಡುವ ಒಂದು ಪ್ರಯೋಗವಿದೆ. ಬಿಸಿನೀರು ಆರುತ್ತ ಆರುತ್ತ ಇಂತಿಂಥ ಉಷ್ಣತೆಗೆ ಇಳಿದಾಗ ಒಂದೊಂದು ಅಳತೆ ತೆಗೆದುಕೊಳ್ಳಬೇಕು. ಹುಡುಗರು ಹರಟೆ ಹೊಡೆಯುತ್ತ ಆ ಗಳಿಗೆಯನ್ನು ತಪ್ಪಿಸಿಕೊಂಡು, ಆಮೇಲೆ ಮನಸ್ಸಿಗೆ ಬಂದ ಅಂಕಿ ಬರೆಯುತ್ತಿದ್ದರು. ಬೇಸತ್ತ ರಮಾಮಣಿ ಹಿಂದಿನ ವರ್ಷ ತಾನೇ ಒಂದು ಡಬ್ಬಿ ಕಟ್ಟಿದ್ದಳು. ಅದಕ್ಕೆ ಯಾವ ಸೆನ್ಸರನ್ನಾದರೂ ಸಿಕ್ಕಿಸಬಹುದು. ಗುರಿಯ ಅಂಕಿ ಇಷ್ಟು ಎಂದು ಗುಂಡಿ ಒತ್ತಿ ಹೇಳಿಬಿಟ್ಟರೆ, ಸೆನ್ಸರು ಆ ಅಂಕಿ ಮುಟ್ಟಿದ ಕೂಡಲೇ ಡಬ್ಬಿ ತಾನಾಗಿ ಎಚ್ಚೆತ್ತು, ಅಳೆಯಬೇಕಾದ್ದನ್ನು ಅಳೆದು, ಕೂಗಿ ಹೇಳುತ್ತದೆ. ಯಾರೂ ಕಾಯುತ್ತ ಕೂರಬೇಕಾಗಿಲ್ಲ.

ಇಪ್ಪತ್ತೆಂಟು ವರ್ಷದಿಂದ ಈ ಮನೆಯಲ್ಲಿ ಅಂಥ ಡಬ್ಬಿಯ ಕೆಲಸವನ್ನು ಕರೆಂಟಿಲ್ಲದೆ ಮಾಡುತ್ತಿರುವುದು ಯಾರು ಎಂದು ಅವಳಿಗೆ ಹೊಳೆದು ನಗು ಬಂತು. ತನ್ನ ಜಾಗಕ್ಕೆ ಇನ್ನೊಬ್ಬರನ್ನು ನೇಮಿಸಿ ರಜೆ ಹಾಕುವ ಸರ್ಕಾರಿ ನೌಕರಳ ಗತ್ತಿನಲ್ಲಿ ಅವಳು ಪ್ರಿನ್ಸಿಪಾಲರ ಒಪ್ಪಿಗೆ ಪಡೆದು ಡಬ್ಬಿಯನ್ನು ಮನೆಗೆ ತಂದಳು.

ವ್ಯವಸ್ಥೆ ಹೀಗಿತ್ತು. ಹಾಲಿನ ಪಾತ್ರೆ ಅಡುಗೆಮನೆಯ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ. ಪಾತ್ರೆಯ ಮಗ್ಗುಲಿಗೆ ಉಷ್ಣತೆಯ ಸೆನ್ಸರು. ಹಾಲು ಹದಕ್ಕೆ ಇಳಿದ ಕೂಡಲೇ ಡಬ್ಬಿ ಕೂಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ತಕ್ಕಡಿಯನ್ನು ಓದುತ್ತದೆ. ಒಂದು ಚಮಚ ಹೆಪ್ಪಿನಷ್ಟು ತೂಕ ಏರಿದ್ದರೆ ಸರಿ. ಏರದಿದ್ದರೆ ಮತ್ತೆ ಕೂಗುತ್ತದೆ. ಮೂರನೆಯ ಕೂಗಿಗೂ ತೂಕ ಏರದಿದ್ದರೆ ರಮಾಮಣಿಯ ಫೋನಿಗೇ ದೂರು ಹೋಗುತ್ತದೆ. (ಈ ಕೊನೆಯದು ಬೇಕಿರಲಿಲ್ಲ. ಆದರೆ ಪೂರ್ತಿ ನಂಬಿ ಬಿಡುವುದು ಅವಳಿಗೂ ಅಭ್ಯಾಸವಿರಲಿಲ್ಲ.) ಸುಂದರರಾಜ ಕಿರಿಕಿರಿಯಾಗಿ ಆರಿಸಿಬಿಟ್ಟಾನೆಂದು ಆಫ್ ಸ್ವಿಚ್ಚು ತೆಗೆದುಹಾಕಿ, ಬ್ಯಾಟರಿಯನ್ನು ಒಳಗಿಟ್ಟು, ನಾಲ್ಕೂ ಮೂಲೆಗೆ ಸ್ಕ್ರೂ ಬಿಗಿದಳು.

ಮೊದಲ ಪರೀಕ್ಷೆಗೆ ತನ್ನ ದನಿಯನ್ನೇ ತುಂಬಿದಳು. ಹಾಲು ಆರಿತು. ಡಬ್ಬಿ ಅಡುಗೆಮನೆಯಿಂದ ಕೂಗಿತು: "ರೀ, ಹಾಲು ಹದಕ್ಕೆ ಬಂತು, ಹೆಪ್ಪು ಹಾಕಿ."

"ಹೂಂ," ಅಂದ ಸುಂದರರಾಜ, ಪೇಪರಿನ ಪುಟ ತಿರುವಿ.

"ರೀ, ಹಾಲು ಹದಕ್ಕೆ ಬಂತು, ಹೆಪ್ಪು ಹಾಕಿ."

"ಬಂದೆ, ಬಂದೆ."

"ರೀ, ಹಾಲು ಹದಕ್ಕೆ ಬಂತು..."

"ಎಷ್ಟು ಸಲ ಬಡ್ಕೋತೀಯೇ! ಬಂದೆ ಅಂದ್ನಲ್ಲ!"

ರಮಾಮಣಿ ಅವನ ಕುರ್ಚಿಯ ಹಿಂದೆಯೇ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಕೈಯಲ್ಲಿದ್ದ ಫೋನು ಗುಂಯ್ ಎಂದಿತು. ಅವಳ ದನಿಗೆ ಗಂಡನ ಕಿವಿ ನೀರು ಹೀರದ ಕೊಡೆಯ ಬಟ್ಟೆಯಾಗಿಬಿಟ್ಟಿದೆ ಎಂಬುದು ಪ್ರಯೋಗದಿಂದ ಸಿದ್ಧವಾಯಿತು.

ಹಾಗಾದರೆ ಯಾರ ದನಿ ಒಳಗಿಳಿಯುತ್ತದೆ? ಅದಕ್ಕೆ ಪ್ರಯೋಗವೇ ಬೇಕಾಗಿರಲಿಲ್ಲ. ರಮಾಮಣಿ ಡಬ್ಬಿಯನ್ನು ಅತ್ತೆಯ ಮುಂದೆ ಹಿಡಿದಳು.

"ಅತ್ತೆ, ಇದರಲ್ಲಿ ನಿಮ್ಮ ಮಗನ್ನ ಕರೀರಿ."

"ಅವನು ಇಲ್ಲೇ ಕೂತಿದಾನಲ್ಲೇ?"

"ಶನಿವಾರಕ್ಕೆ ಬೇಕು ಅತ್ತೆ. ಸುಂದರಾ, ಹೆಪ್ಪು ಹಾಕೋ, ಅನ್ನಿ."

ಜಾನಕಮ್ಮ ಕಪ್ಪು ಕನ್ನಡಕ ಸರಿಮಾಡಿಕೊಂಡು, ಸೆರಗು ಹೊದ್ದು, ಫೋಟೋಕ್ಕೆ ಕೂತಂತೆ ಕೂತರು. "ಸುಂದರಾ! ಹೆಪ್ಪು ಹಾಕೋ!" ಅವರ ದನಿ ಮುಗಿಯುವ ಮೊದಲೇ ಜಗಲಿಯಲ್ಲಿ ಕುರ್ಚಿ ಬಿದ್ದ ಸದ್ದಾಯಿತು. "ಏನಮ್ಮಾ?" ಎಂದು ನಿವೃತ್ತ ಶಿರಸ್ತೇದಾರ ಐದನೇ ಕ್ಲಾಸಿನ ಹುಡುಗನಂತೆ ಓಡಿಬಂದ.

"ಮಾಡಿದ ಮೇಲೆ ಒಂದು ಒಳ್ಳೇ ಮಾತೂ ಹೇಳಿ ಅತ್ತೆ, ಹುರುಪು ಬರ್ಲಿ."

ಇದಕ್ಕೆ ಜಾನಕಮ್ಮನಿಗೆ ಅಭ್ಯಾಸವೇ ಬೇಕಿರಲಿಲ್ಲ. "ಭೇಷ್, ನನ್ನ ಮಗನೇ!" ಅಂದರು ಕಂಠ ತುಂಬಿ. ರಮಾಮಣಿ ಆ ಮಾತನ್ನು ತೂಕ ಏರಿದಾಗ ಬರುವಂತೆ ಡಬ್ಬಿಗೆ ತುಂಬಿದಳು. ಅಷ್ಟು ವರ್ಷದಲ್ಲಿ ತನಗೆ ಆ ಮನೆಯಲ್ಲಿ ಒಂದು ಭೇಷ್ ಬಿದ್ದದ್ದು ನೆನಪಾಗಲಿಲ್ಲ. ಇರಲಿ, ಅವಳು ಅದಕ್ಕಾಗಿ ಕೂತಿರಲಿಲ್ಲ. ಅವಳಿಗೆ ನಿದ್ದೆ ಬೇಕಿತ್ತು.

ಉಳಿದದ್ದು ಮಡಿ. "ಆ ಪ್ಲಾಸ್ಟಿಕ್ ಹುಳ ಪಾರಣೆ ಹಾಲಿನ ಪಾತ್ರೆಗೆ ಮುಟ್ಟಕೂಡದು," ಅಂದರು ಜಾನಕಮ್ಮ. ಚರ್ಚೆ ನಡೆಯಿತು. ಕೊನೆಗೆ ಅವರೇ ಪರಿಹಾರ ಸೂಚಿಸಿದರು: ಪಟ್ಟೆಗೆ ಮೈಲಿಗೆಯಿಲ್ಲ. ಅವರ ಹಳೆಯ ರೇಷ್ಮೆ ಪಟ್ಟೆ ಸೀರೆಯ ತುಂಡನ್ನು ಮಡಿಕೆ ಮಾಡಿ ಪಾತ್ರೆಗೂ ಸೆನ್ಸರಿಗೂ ನಡುವೆ ಇಟ್ಟು ದಾರದಿಂದ ಕಟ್ಟಬೇಕು.

ಪಟ್ಟೆ ಮೈಲಿಗೆಯನ್ನು ಮಾತ್ರವಲ್ಲ, ಬಿಸಿಯನ್ನೂ ತಡೆಯುತ್ತದೆಂದು ಫಿಸಿಕ್ಸ್ ಲ್ಯಾಬಿನವಳಿಗೆ ಹೇಳಿಕೊಡಬೇಕೇ? ಅವಳು ಮೂರು ಸಂಜೆ ಕೂತು, ಹಾಲಿಗೆ ಥರ್ಮಾಮೀಟರು ಇಳಿಬಿಟ್ಟು ತಾಳೆ ನೋಡಿದಳು. ಹಾಲು ನಲವತ್ತೆರಡು ಡಿಗ್ರಿಯ ಹಿತದಲ್ಲಿದ್ದಾಗ ಪಟ್ಟೆಯ ಹೊರಗಿನ ಸೆನ್ಸರು ಮೂವತ್ತೈದನ್ನಷ್ಟೇ ತೋರಿಸುತ್ತಿತ್ತು. ಸರಿ, ಗುರಿಯನ್ನು ಮೂವತ್ತೈದಕ್ಕೇ ಇಟ್ಟಳು. ಶನಿವಾರ ಸಂಜೆ ಹಾಲು ಕಾಸಿ ಪಾತ್ರೆಯನ್ನು ತಕ್ಕಡಿಯ ಮೇಲಿಡಬೇಕೆಂದು ಗಂಡನಿಗೆ ಹೇಳಿ, ಗುಂಡಿಗಳನ್ನೂ ತೋರಿಸಿಕೊಟ್ಟಳು: ಇದು ಯಾವ ಸೆನ್ಸರು ಬೇಕೆಂದು ಆಯ್ದುಕೊಳ್ಳಲಿಕ್ಕೆ, ಇದು ಗುರಿಗೆ, ಇದು ದನಿಗೆ. ಅವನು ಅದೆಷ್ಟು ಏಕಾಗ್ರತೆಯಿಂದ ಕಲಿತನೆಂದರೆ ಅವಳಿಗೆ ಅಭಿಮಾನವೇ ಉಕ್ಕಿತು. (ಆಗಲೇ ಹೆದರಬೇಕಿತ್ತು.)

ಶನಿವಾರ ಬೆಳಗ್ಗೆ ಅವಳು ಹಳೇಬೀಡಿನ ಬಸ್ಸಿನ ಕಿಟಕಿ ಪಕ್ಕ ಕೂತಳು. ತೆಂಗಿನ ತೋಟಗಳು, ಕೊಯ್ದ ರಾಗಿಯ ಹೊಲಗಳು ಹಿಂದೆ ಸರಿದಂತೆ ಹೆಗಲ ಮೇಲಿನ ಏನೋ ಒಂದು ಇಳಿಯುತ್ತ ಹೋಯಿತು. ಮಧ್ಯಾಹ್ನ ಧರ್ಮಾವತಿ ಅವಳನ್ನು ಹುಲಿಕೆರೆಯ ಕೊಳಕ್ಕೆ ಕರೆದುಕೊಂಡು ಹೋದಳು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ಸುಲಿದು ತಿಂದು, ಪ್ರಿನ್ಸಿಪಾಲರ ನಡಿಗೆಯನ್ನು ಅಣಕಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ರಮಾಮಣಿಗೆ ತನ್ನ ನಗು ಇಷ್ಟು ಜೋರಾಗಿದೆಯೆಂದು ಮರೆತೇಹೋಗಿತ್ತು. ಕೊಳ ಅದನ್ನು ಎರಡು ಸಲ ಹಿಂದಿರುಗಿಸಿತು.

ಹೊತ್ತು ಮುಳುಗುವ ಮುಂಚೆ ಊಟವಾಯಿತು. ಆಮೇಲೆ ನಡೆದದ್ದನ್ನು ಅವಳ ಕಣ್ಣು ನಂಬಲಿಲ್ಲ. ಧರ್ಮಾವತಿಯ ಗಂಡ ಪದ್ಮಪ್ರಸಾದ್ ಎದ್ದು, ತಟ್ಟೆಗಳನ್ನೆಲ್ಲ ಒಟ್ಟುಮಾಡಿ, ತೊಳೆದು, ಬೋರಲು ಹಾಕಿ, ಕಟ್ಟೆ ಒರೆಸಿ, ದೀಪ ಆರಿಸಿ ಹೊರಗೆ ಬಂದ. ಹಳೇಬೀಡಿನ ಶಿಲ್ಪಗಳ ಮುಂದೆಯೂ ಅವಳು ಅಷ್ಟು ಹೊತ್ತು ಬಾಯಿ ತೆರೆದು ನಿಂತಿರಲಿಲ್ಲ.

"ಅವ್ರಿಗೆ ಯಾರು ಹೇಳಿದ್ರೇ?" ಎಂದು ಪಿಸುಗುಟ್ಟಿದಳು.

"ಯಾರೂ ಹೇಳ್ಲಿಲ್ಲ," ಅಂದಳು ಧರ್ಮಾವತಿ, ಪ್ರಶ್ನೆಯೇ ಅರ್ಥವಾಗದೆ. "ತಟ್ಟೆ ಎಂಜಲಾಗಿತ್ತಲ್ಲ."

ಅರಸೀಕೆರೆಯಲ್ಲಿ ಹಾಲು ಆರುವ ಹೊತ್ತಾಯಿತು. ರಮಾಮಣಿ ಫೋನನ್ನು ದಿಂಬಿನ ಮೇಲಿಟ್ಟು ನೋಡಿದಳು. ಫೋನು ಸುಮ್ಮನಿತ್ತು. ಸಿಗ್ನಲ್ ಇಲ್ಲವೇನೋ ಎಂದು ತಾರಸಿಗೆ ಹೋಗಿ ನೋಡಿದಳು. ಸಿಗ್ನಲ್ ಭರ್ತಿಯಿತ್ತು, ಫೋನು ಸುಮ್ಮನಿತ್ತು. ಅಂದರೆ ಮೂರನೆಯ ಕೂಗಿನ ಪ್ರಸಂಗವೇ ಬಂದಿಲ್ಲ. ಸುಂದರರಾಜ ಎದ್ದಿದ್ದಾನೆ, ಹಾಕಿದ್ದಾನೆ. ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಬಲಗೈಯ ಕಿರುಬೆರಳು ಮಾತ್ರ ತನ್ನಷ್ಟಕ್ಕೆ ಒಂದೆರಡು ಸಲ ಮಡಚಿ ಬಿಚ್ಚಿತು, ಕೆಲಸ ಕಳಕೊಂಡವರ ಹಾಗೆ.

ಆಮೇಲೆ ಅವಳು ಮಲಗಿದಳು. ಹೇಗೆ ಮಲಗಿದಳೆಂದರೆ, ಬೆಳಗ್ಗೆ ಬಸದಿಯ ಗಂಟೆಯೂ ಅವಳನ್ನು ಎಬ್ಬಿಸಲಿಲ್ಲ.

ಭಾನುವಾರ ಹತ್ತರ ಬಸ್ಸಿಗೆ ಹೊರಟು ಮನೆಗೆ ಬಂದವಳು ಚಪ್ಪಲಿ ಬಿಡುತ್ತಲೇ ಕೇಳಿದಳು: "ಪಾರಣೆ ಆಯ್ತಾ ಅತ್ತೆ?"

"ದಿವ್ಯವಾಗಿ ಆಯ್ತಮ್ಮ," ಅಂದರು ಜಾನಕಮ್ಮ ಜಪಮಾಲೆ ಎಣಿಸುತ್ತ.

ಅವಳು ಅಡುಗೆಮನೆಗೆ ನುಗ್ಗಿ ಪಾತ್ರೆಯ ಮುಚ್ಚಳ ತೆಗೆದಳು. ಒಳಗಿದ್ದದ್ದು ಮೊಸರಲ್ಲ, ಹಾಲೂ ಅಲ್ಲ. ಎರಡರ ನಡುವೆ ಮನಸ್ಸು ಮಾಡಲಾರದೆ ನಿಂತ ಒಂದು ದ್ರವ. ತಲೆ ಎತ್ತಿದರೆ ಹಿತ್ತಲ ಹಗ್ಗದಲ್ಲಿ ಪಟ್ಟೆಯ ತುಂಡು, ಶುಭ್ರವಾಗಿ, ಕ್ಲಿಪ್ಪು ಹಾಕಿಸಿಕೊಂಡು ಗಾಳಿಗೆ ಆಡುತ್ತಿತ್ತು.

"ಇದನ್ನ ಯಾರ್ರೀ ಬಿಚ್ಚಿದ್ದು?"

"ನಾನೇ!" ಸುಂದರರಾಜ ಈ ಪ್ರಶ್ನೆಗಾಗಿಯೇ ಬೆಳಗಿನಿಂದ ಕಾದಿದ್ದ. "ಹಾಲು ಸೋರಿ ಗಬ್ಬು ನಾರ್ತಿತ್ತು ಕಣೇ. ನಿನ್ನೆ ಮಧ್ಯಾಹ್ನ ನೋಡ್ದೆ. ಸ್ನಾನ ಮಾಡಿ, ಮಡಿ ಉಟ್ಟು, ಬಿಚ್ಚಿ, ಸೋಪು ಹಾಕಿ ಒಗೆದೆ. ಹುಳನೂ ಚೆನ್ನಾಗಿ ತೊಳೆದು ಪಾತ್ರೆಗೇ ಬಿಗಿಯಾಗಿ ಕಟ್ಟಿದೆ. ಅಮ್ಮಂಗೆ ಹೇಳ್ಬೇಡ. ಯಾರೂ ಹೇಳ್ಲಿಲ್ಲ ರಮಾ! ನಾನೇ ನೋಡಿದೆ, ನಾನೇ ಮಾಡಿದೆ!"

ರಮಾಮಣಿ ಗೋಡೆಗೆ ಒರಗಿದಳು. ಪಟ್ಟೆಯಿಲ್ಲದ ಸೆನ್ಸರು ಹಾಲಿನ ನಿಜವಾದ ಬಿಸಿಯನ್ನೇ ಓದಿದೆ. ಅದು ಮೂವತ್ತೈದಕ್ಕೆ ಇಳಿಯುವ ತನಕ ಡಬ್ಬಿ ನಿಷ್ಠೆಯಿಂದ ಬಾಯಿ ಮುಚ್ಚಿಕೊಂಡು ಕೂತಿದೆ. ಅಷ್ಟರಲ್ಲಿ ಹಾಲಿನ ಹದ ಮೀರಿದೆ. ಮೇಲೆ ಮಾರ್ಗಶಿರದ ಚಳಿ. ಇಪ್ಪತ್ತೆಂಟು ವರ್ಷ ಕಾದಿದ್ದಳು, ಈ ಮನುಷ್ಯ ಹೇಳದೆ ಒಂದು ಕೆಲಸ ಮಾಡಲಿ ಎಂದು. ಮಾಡಿದ್ದಾನೆ. ಈಗ ಬೈದರೆ ಇನ್ನು ಇಪ್ಪತ್ತೆಂಟು ವರ್ಷ ಅವನು ಏಳುವುದಿಲ್ಲ.

"ತುಂಬಾ... ಶುಭ್ರವಾಗಿದೆ," ಅಂದಳು ಕಷ್ಟಪಟ್ಟು. ಆಮೇಲೆ ಅತ್ತೆಯ ಬಳಿ ಹೋಗಿ ಕೂತಳು. "ಮೊಸರು ಸರಿಯಾಗಿ ಆಗ್ಲಿಲ್ಲ ಅಲ್ವಾ ಅತ್ತೆ. ಉಪವಾಸದ ಮೈಯಲ್ಲಿ ನಿಮಗೆ..."

"ಯಾರೇ ಹೇಳಿದ್ದು?" ಜಾನಕಮ್ಮ ಜಪಮಾಲೆ ನಿಲ್ಲಿಸಿದರು. "ಎಳೇ ಮೊಸರು! ಸಿಹಿ! ಹಲ್ಲಿಲ್ಲದ ಬಾಯಲ್ಲಿ ನೀರಿನ ಹಾಗೆ ಇಳೀತು. ನನ್ನ ಮಗನ ಕೈಗುಣ. ನಿನ್ನ ಮೊಸರು ಯಾವಾಗ್ಲೂ ಸ್ವಲ್ಪ ಗಟ್ಟಿ ಕಣೇ ರಮಾ, ಸ್ವಲ್ಪ ಹುಳಿ. ಪಾಪ, ಮನಸ್ಸಿಗೆ ನೋವಾಗುತ್ತೆ ಅಂತ ಹೇಳಿರ್ಲಿಲ್ಲ."

"ಹೇಳಿದ್ರೆ ಮಾಡ್ತಿದ್ನಲ್ಲ ಅತ್ತೆ!"

ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳಿಗೆ ಅದು ಯಾರದೆಂದು ಗೊತ್ತಾಯಿತು. ಜಗಲಿಯಲ್ಲಿ ಪೇಪರಿನ ಹಿಂದಿನಿಂದ ಒಂದು ಸಂತೃಪ್ತ ಕೆಮ್ಮು ಕೇಳಿಸಿತು.

ಆದರೆ ರಮಾಮಣಿ ಸೋಲನ್ನು ಲಾಭಕ್ಕೆ ತಿರುಗಿಸಿಕೊಳ್ಳಬಲ್ಲವಳು. "ಹಾಗಾದ್ರೆ ಇವತ್ತಿಂದ ಮೊಸರಿನ ಖಾತೆ ನಿಮ್ಮದೇ ರೀ," ಅಂದಳು ಗಟ್ಟಿಯಾಗಿ. "ಅತ್ತೆಗೆ ನಿಮ್ಮ ಕೈದೇ ಇಷ್ಟ."

"ಧಾರಾಳವಾಗಿ!" ಅಂದ ಸುಂದರರಾಜ.

ಗೆದ್ದೆ, ಅಂದುಕೊಂಡಳು ರಮಾಮಣಿ. ಸೀರೆ ಕೂಡ ಬದಲಾಯಿಸದೆ, ನಡುಮನೆಯ ದಿವಾನದ ಮೇಲೆ ಕಾಲು ಚಾಚಿ ಕಣ್ಣು ಮುಚ್ಚಿದಳು. ಕಣ್ಣೊಳಗೆ ಹುಲಿಕೆರೆಯ ಮೆಟ್ಟಿಲುಗಳು ಒಂದೊಂದಾಗಿ ನೀರಿಗೆ ಇಳಿಯತೊಡಗಿದವು.

"ರಮಾ! ಲೋಟ ಖಾಲಿ! ಕಾಫಿ!"

ಅತ್ತೆಯ ದನಿ. ಕಣ್ಣು ಪೂರ್ತಿ ಬಿಡುವ ಮೊದಲೇ ಅವಳು ಒಲೆಯ ಮುಂದೆ ಲೈಟರು ಹಿಡಿದು ನಿಂತಿದ್ದಳು. ಅಷ್ಟರಲ್ಲಿ ಏನೋ ಸಂಶಯ ಬಂದು ತಿರುಗಿ ನೋಡಿದಳು. ಜಾನಕಮ್ಮ ಕುರ್ಚಿಯಲ್ಲಿ ಜಪದಲ್ಲಿದ್ದರು. ಅವರ ಬಾಯಿ ಮುಚ್ಚಿತ್ತು.

ಜಗಲಿಯಲ್ಲಿ ಸುಂದರರಾಜನ ಪಕ್ಕದ ಟೀಪಾಯಿಯ ಮೇಲೆ ತಕ್ಕಡಿ, ತಕ್ಕಡಿಯ ಮೇಲೆ ಅವನ ಕಾಫಿ ಲೋಟ, ಪಕ್ಕದಲ್ಲಿ ಡಬ್ಬಿ.

"ಹೊಸಾ ಗುರಿ ಕೊಟ್ಟಿದೀನಿ," ಅಂದ ಅವನು ಬೀಗುತ್ತ. "ಲೋಟದ ತೂಕ ಇಷ್ಟಕ್ಕೆ ಇಳಿದ್ರೆ ಅದೇ ಕೂಗುತ್ತೆ. ದನಿಗೆ ಬೆಳಗ್ಗೇನೇ ಅಮ್ಮನ್ನ ಕೇಳ್ದೆ, ಪಾಪ, ಕೂಗಿ ಕೊಟ್ಳು. ಇನ್ಮೇಲೆ ಕಾಫಿಗೆ ನಾನು ನಿನ್ನ ಕೂಗೋದೇ ಬೇಡ. ನಿಂಗೆ ಎಷ್ಟು ಆರಾಮ ನೋಡು! ಇದನ್ನೂ ಯಾರೂ ಹೇಳ್ಲಿಲ್ಲ ರಮಾ."

ರಮಾಮಣಿಗೆ ಸಿಟ್ಟು ಬರಬೇಕಾಗಿತ್ತು. ಬರುವ ಮೊದಲು ಲ್ಯಾಬಿನ ಅಭ್ಯಾಸ ಅವಳನ್ನು ಬಗ್ಗಿಸಿ ಡಬ್ಬಿಯ ಅಂಕಿಗಳನ್ನು ಓದಿಸಿತು. ಸೆನ್ಸರು ಸರಿ, ಗುರಿ ಸರಿ, ಖಾಲಿ ಲೋಟದ ತೂಕವನ್ನು ಕಳೆದದ್ದೂ ಸರಿ. ಅವಳ ಯಾವ ವಿದ್ಯಾರ್ಥಿಯೂ ಇಷ್ಟು ಅಚ್ಚುಕಟ್ಟಾಗಿ ಮಾಡಿರಲಿಲ್ಲ. "ಹತ್ತಕ್ಕೆ ಹತ್ತು," ಎಂದು ಬಾಯಿ ತಪ್ಪಿ ಬಂದೇಬಿಟ್ಟಿತು.

ಆದರೆ ಕಾಫಿ ಮಾತ್ರ ಮಾಡಕೂಡದೆಂದು ನಿರ್ಧರಿಸಿ ಅವಳು ದಿವಾನಕ್ಕೆ ಮರಳಿದಳು. ಡಬ್ಬಿ ಸ್ವಲ್ಪ ಹೊತ್ತು ಬಿಟ್ಟು ತಕ್ಕಡಿ ಓದಿತು. ತೂಕ ಏರಿರಲಿಲ್ಲ.

"ರಮಾ! ಲೋಟ ಖಾಲಿ! ಕಾಫಿ!"

ಅವಳು ಕಿವಿಗೆ ದಿಂಬು ಒತ್ತಿಕೊಂಡಳು. ಮೂರನೆಯ ಕೂಗಿಗೆ ಜಾನಕಮ್ಮನೇ ಬೆಚ್ಚಿ, "ಯಾರೇ ಅದು ನನ್ನ ಹಾಗೇ ಕಿರುಚೋದು? ಅದರ ಬಾಯಿ ಮುಚ್ಚಿಸೇ!" ಅಂದರು. ಅಷ್ಟರಲ್ಲಿ ಅವಳ ಫೋನು ಗುಂಯ್ ಎಂದು ದೂರು ತಂದಿತು. ಆರಿಸೋಣವೆಂದರೆ ಸ್ವಿಚ್ಚಿಲ್ಲ, ತಾನೇ ಕಿತ್ತದ್ದು. ಕೂಗು ಮುಗಿಯುವ ತನಕ ಗುಂಡಿಗಳೂ ಕೆಲಸ ಮಾಡುವುದಿಲ್ಲ, ತಾನೇ ಹಾಗೆ ಕಟ್ಟಿದ್ದು. ಬ್ಯಾಟರಿ ಒಳಗಿದೆ, ತಾನೇ ಬಿಗಿದದ್ದು. ಸ್ಕ್ರೂಡ್ರೈವರು ಕಾಲೇಜಿನಲ್ಲಿದೆ. ಅವಳು ಚೊಂಬು ತಂದು ಲೋಟಕ್ಕೆ ನೀರು ಸುರಿದಳು.

"ರಮಾ! ಲೋಟ ಖಾಲಿ!"

"ಅದಕ್ಕೂ ಯೋಚ್ನೆ ಮಾಡಿದೀನಿ," ಅಂದ ಸುಂದರರಾಜ, ಲೋಟದ ಮಗ್ಗುಲಿಗೆ ಕಟ್ಟಿದ್ದ ಪುಟ್ಟ ಹುಳವನ್ನು ತೋರಿಸಿ. "ತೂಕ ಏರಿದ್ರೆ ಸಾಲ್ದು. ಬಿಸಿಯಾಗೂ ಇರ್ಬೇಕು."

ಕೂಗು ಬೀದಿಗೆ ಕೇಳತೊಡಗಿತು. ಎದುರು ಮನೆಯ ಅನುಸೂಯಮ್ಮ ಗೇಟಿಗೆ ಬಂದು, "ಯಾಕ್ರೀ ರಮಾ, ಅತ್ತೆ ಅಷ್ಟು ಕೂಗಿದ್ರೂ ಒಂದು ಲೋಟ ಕಾಫಿ ಕೊಡಬಾರ್ದೇ, ವಯಸ್ಸಾದವ್ರು ಪಾಪ," ಅಂದರು.

ರಮಾಮಣಿ ಒಳಗೆ ಹೋದಳು. ಹಾಲು ಕಾಯಿಸಿದಳು, ಡಿಕಾಕ್ಷನ್ ಬೆರೆಸಿದಳು, ನೊರೆ ಬರುವಂತೆ ಎತ್ತಿ ಹೊಯ್ದಳು, ನೀರು ಚೆಲ್ಲಿ ಲೋಟಕ್ಕೆ ತುಂಬಿಸಿ ತಕ್ಕಡಿಯ ಮೇಲಿಟ್ಟಳು. ತೂಕ ಏರಿತು. ಬಿಸಿ ಏರಿತು. ಡಬ್ಬಿ ಒಂದು ಗಳಿಗೆ ಎರಡನ್ನೂ ಅಳೆದು ನೋಡಿತು. ಆಮೇಲೆ ಅವಳು ತನ್ನ ಕೈಯಾರೆ ತುಂಬಿದ್ದ ಮಾತನ್ನು, ಕಂಠ ತುಂಬಿ, ಇಡೀ ಬೀದಿಗೆ ಕೇಳುವಂತೆ ಹೇಳಿತು:

"ಭೇಷ್, ನನ್ನ ಮಗನೇ!"

"ಅಯ್ಯೋ, ಇದೇನು ದೊಡ್ಡ ಕೆಲ್ಸ ಬಿಡಮ್ಮ," ಅಂದ ಸುಂದರರಾಜ, ವಿನಯದಿಂದ ಕಾಫಿ ಹೀರುತ್ತ.